ಬಾಗಿಲಿನಿಂದ ಕಿಟಕಿಯವರೆಗೆ ನೆಲ ಕಾಣಲಿ

ಓದುಗರ ಪ್ರಶ್ನೆಗೆ ತಜ್ಞರ ಉತ್ತರ: ಮಾರಾಟಕ್ಕಿಟ್ಟ ಮನೆಯ ಮಲಗುವ ಕೋಣೆ

ಕಲಬುರಗಿಯಲ್ಲಿ ಮನೆಗಳ ಒಳಾಂಗಣದ ಕೆಲಸ ಹಿಡಿದು ನನಗೆ ಇಪ್ಪತ್ತು ವರ್ಷವಾಗುತ್ತ ಬಂತು. ಮಾರಾಟಕ್ಕಿಟ್ಟ ಮನೆಯನ್ನು ನೋಡಲು ಬರುವವರಿಗಾಗಿ ಅಣಿಗೊಳಿಸುವುದೂ ಅದರಲ್ಲಿ ಸೇರಿದೆ. ಮಾರುವವರು ಗೇಟಿಗೆ ಬಣ್ಣ ಹೊಡೆಸುತ್ತಾರೆ, ಅಡುಗೆಮನೆಗೆ ಹೊಸ ಟೈಲ್ಸ್ ಹಾಕಿಸುತ್ತಾರೆ, ದೇವರ ಕೋಣೆಯ ಬಾಗಿಲಿಗೆ ಪಾಲಿಶ್ ಮಾಡಿಸುತ್ತಾರೆ. ಮಲಗುವ ಕೋಣೆಯನ್ನು ಮಾತ್ರ ತೊಗರಿಯ ಗೋದಾಮಿನಂತೆ ತುಂಬಿಟ್ಟು, ‘ಕೋಣೆ ಸಣ್ಣದು ಅನ್ನುತ್ತಾರೆ, ಏನು ಮಾಡುವುದು?’ ಎಂದು ನನಗೆ ಬರೆಯುತ್ತಾರೆ. ಇದೇ ಪ್ರಶ್ನೆಗೆ ಉತ್ತರಿಸಿ ಉತ್ತರಿಸಿ ಬೇಸತ್ತಿದ್ದೇನೆ. ಈ ಸಲ ಒಂದು ಪತ್ರವನ್ನು ಹಿಡಿದು ಅಳತೆ ಸಮೇತ ಹೇಳುತ್ತೇನೆ. ಗುಡಿಸಿ, ಒರೆಸಿ, ಜೇಡರ ಬಲೆ ತೆಗೆಯಿರಿ ಎಂಬಂತಹ ಮಾತುಗಳು ಇಲ್ಲಿ ಇರುವುದಿಲ್ಲ.

ಪ್ರಶ್ನೆ: ನಮ್ಮ ಮನೆ ಸೇಡಂ ರಸ್ತೆಯ ಬಡಾವಣೆಯೊಂದರಲ್ಲಿದೆ. ಮೂರು ತಿಂಗಳಲ್ಲಿ ಹನ್ನೊಂದು ಮಂದಿ ನೋಡಿ ಹೋದರು. ಮಲಗುವ ಕೋಣೆ ಇಕ್ಕಟ್ಟು ಎಂದು ಎಲ್ಲರೂ ಬೆಲೆ ಇಳಿಸಿ ಕೇಳುತ್ತಾರೆ. ಕೋಣೆ ಪೂರ್ವ-ಪಶ್ಚಿಮ 12 ಅಡಿ, ಉತ್ತರ-ದಕ್ಷಿಣ 10 ಅಡಿ. ಬಾಗಿಲು ಪೂರ್ವದ ಗೋಡೆಯಲ್ಲಿ, ಈಶಾನ್ಯ ಮೂಲೆಗೆ ಹತ್ತಿರ. ಕಿಟಕಿ ಪಶ್ಚಿಮದ ಗೋಡೆಯಲ್ಲಿ, ಸ್ವಲ್ಪ ಉತ್ತರಕ್ಕೆ ಸರಿದಿದೆ. ಮಂಚದ ತಲೆಭಾಗ ಕಿಟಕಿಯ ಕೆಳಗೆ, ಅದರ ಪಕ್ಕದಲ್ಲೇ ಕೂಲರ್. ಕಬ್ಬಿಣದ ಅಲಮಾರಿ ಬಾಗಿಲ ಹತ್ತಿರ ಉತ್ತರದ ಗೋಡೆಗಿದೆ, ಡ್ರೆಸ್ಸಿಂಗ್ ಟೇಬಲ್ ಎದುರು ಗೋಡೆಗಿದೆ. ಮಂಚ ನನ್ನ ಹೆಂಡತಿಯ ತವರಿನಿಂದ ಬಂದ ಸಾಗುವಾನಿಯದು, 6 ಅಡಿ ಅಗಲ. ಅದನ್ನು ಹೊರಗೆ ಹಾಕಲು ಆಕೆ ಒಪ್ಪುವುದಿಲ್ಲ. ದಾರಿ ಏನು?

ಉತ್ತರ: ಮಂಚ ಹೊರಗೆ ಹೋಗಬೇಕಾಗಿಲ್ಲ. ನಿಮ್ಮ ಮನೆಯವರಿಗೆ ಮೊದಲು ಅದನ್ನು ಹೇಳಿ, ಆಮೇಲೆ ಮುಂದಿನದನ್ನು ಓದಿ.

ನಿಮ್ಮ ಕೋಣೆ ಸಣ್ಣದಲ್ಲ. ವಾಸದ ಕೋಣೆಗೆ ಕನಿಷ್ಠ 9.5 ಚದರ ಮೀಟರ್ ಇರಬೇಕೆಂದು ರಾಷ್ಟ್ರೀಯ ಕಟ್ಟಡ ಸಂಹಿತೆ ಹೇಳುತ್ತದೆ. ಅಂದರೆ ಸುಮಾರು 102 ಚದರ ಅಡಿ. ನಿಮ್ಮದು 120. ಚೌಕಟ್ಟು, ತಲೆಹಲಗೆ ಸೇರಿಸಿದರೆ ನಿಮ್ಮ ಮಂಚ ಆರೂಕಾಲು ಅಡಿಗೆ ಏಳು ಅಡಿ, ಸುಮಾರು 44 ಚದರ ಅಡಿ ಆಗುತ್ತದೆ. ಕೋಣೆಯ ಮೂರನೆಯ ಒಂದು ಪಾಲಿಗಿಂತ ಹೆಚ್ಚು ಜಾಗವನ್ನು ಅದೊಂದೇ ತಿನ್ನುತ್ತಿದೆ. ತಿನ್ನಲಿ. ಮಲಗುವ ಕೋಣೆಯಲ್ಲಿ ಮಂಚವಿಲ್ಲದೆ ಇನ್ನೇನಿರಬೇಕು? ಕೊಳ್ಳಲು ಬಂದವರು ಚದರ ಅಡಿಯನ್ನು ಕಣ್ಣಿನಿಂದ ಲೆಕ್ಕ ಹಾಕುವುದಿಲ್ಲ. ಬಾಗಿಲಲ್ಲಿ ನಿಂತು ಒಮ್ಮೆ ನೋಡುತ್ತಾರೆ. ಎಷ್ಟು ದೂರದವರೆಗೆ ನೆಲ ಕಂಡಿತೋ ಅಷ್ಟು ದೊಡ್ಡದು ಆ ಕೋಣೆ ಎಂದು ಅವರ ಮನಸ್ಸು ತೀರ್ಮಾನಿಸಿಬಿಡುತ್ತದೆ. ನಿಮ್ಮ ಬಾಗಿಲಲ್ಲಿ ನಿಂತವರಿಗೆ ಬಲಗಡೆ ಅಲಮಾರಿಯ ಪಕ್ಕೆ, ಎದುರಿಗೆ ಮಂಚದ ಕಾಲ ಬದಿ, ಅದರಾಚೆ ಕೂಲರಿನ ಬೆನ್ನು ಕಾಣುತ್ತದೆ. ನೆಲವೂ ಕಾಣುವುದಿಲ್ಲ, ಕಿಟಕಿಯೂ ಪೂರ್ತಿ ಕಾಣುವುದಿಲ್ಲ. ಹನ್ನೊಂದು ಮಂದಿ ಒಂದೇ ಮಾತು ಹೇಳಿದ್ದರಲ್ಲಿ ಆಶ್ಚರ್ಯವಿಲ್ಲ.

ಮಂಚದ ತಲೆಭಾಗವನ್ನು ದಕ್ಷಿಣದ ಗೋಡೆಗೆ ತನ್ನಿ. ಆಗ ಉತ್ತರ-ದಕ್ಷಿಣದ 10 ಅಡಿಯಲ್ಲಿ ಮಂಚ ಏಳನ್ನು ತೆಗೆದುಕೊಂಡು, ಉತ್ತರದ ಗೋಡೆಯ ಉದ್ದಕ್ಕೂ ಮೂರು ಅಡಿಯ ದಾರಿ ಬಿಡುತ್ತದೆ. ಆ ದಾರಿ ನಿಮ್ಮ ಬಾಗಿಲಿನಿಂದ ನೇರವಾಗಿ ಕಿಟಕಿಗೆ ಹೋಗುತ್ತದೆ. ಬಾಗಿಲು ತೆರೆದವರಿಗೆ 12 ಅಡಿ ನೆಲ, ಅದರ ಕೊನೆಗೆ ಬೆಳಕು. ನನ್ನ ಉತ್ತರದಲ್ಲಿ ಇಷ್ಟೇ ನೆನಪಿಟ್ಟುಕೊಂಡರೂ ಸಾಕು.

ಈಗ ಅಡ್ಡಗಲ. 12 ಅಡಿಯಲ್ಲಿ ಮಂಚಕ್ಕೆ ಆರೂಕಾಲು ಹೋದರೆ ಉಳಿಯುವುದು ಐದೂಮುಕ್ಕಾಲು. ಅದನ್ನು ಎರಡೂ ಬದಿಗೆ ಸಮನಾಗಿ ಹಂಚಬೇಡಿ. ಪಶ್ಚಿಮಕ್ಕೆ ಒಂದೂವರೆ ಅಡಿ ಬಿಡಿ, ಹಾಸಿಗೆಯ ಬಟ್ಟೆ ಬದಲಿಸಲು ಅಷ್ಟು ಸಾಕು. ಪೂರ್ವಕ್ಕೆ ನಾಲ್ಕೂಕಾಲು ಅಡಿ ಉಳಿಯುತ್ತದೆ. ಅಲ್ಲಿ, ಬಾಗಿಲಿರುವ ಗೋಡೆಗೇ ಬೆನ್ನು ಮಾಡಿ, ಆಗ್ನೇಯ ಮೂಲೆಯಲ್ಲಿ ಅಲಮಾರಿ ನಿಲ್ಲಿಸಿ. ಅಲಮಾರಿಯ ಆಳ ಒಂದೂವರೆ ಅಡಿಗಿಂತ ಸ್ವಲ್ಪ ಹೆಚ್ಚಿರುತ್ತದೆ, ಮಂಚಕ್ಕೂ ಅದಕ್ಕೂ ನಡುವೆ ಎರಡೂವರೆ ಅಡಿ ಸಿಗುತ್ತದೆ. ಬಾಗಿಲು ಪೂರ್ತಿ ತೆರೆದು ಎದುರಿಗೆ ನಿಂತು ಬಟ್ಟೆ ತೆಗೆಯಬಹುದು. ಎಲ್ಲಕ್ಕಿಂತ ಮುಖ್ಯವಾಗಿ, ಹೊಸ್ತಿಲಲ್ಲಿ ನಿಂತವರಿಗೆ ಅಲಮಾರಿ ಕಾಣುವುದಿಲ್ಲ, ಒಳಗೆ ಬಂದು ತಿರುಗಿದಾಗ ಮಾತ್ರ ಕಾಣುತ್ತದೆ. ಅಷ್ಟು ಹೊತ್ತಿಗೆ ಕೋಣೆ ದೊಡ್ಡದು ಎಂದು ಅವರು ತೀರ್ಮಾನಿಸಿ ಆಗಿರುತ್ತದೆ.

ಡ್ರೆಸ್ಸಿಂಗ್ ಟೇಬಲ್ ಈ ಕೋಣೆಯಲ್ಲಿ ಬೇಡ. ಅದಕ್ಕೆ ಜಾಗ ಹುಡುಕಬೇಡಿ. ಮನೆ ಮಾರುವವರೆಗೆ ಅಣ್ಣತಮ್ಮಂದಿರ ಮನೆಯಲ್ಲಿಡಿ. ಅಲಮಾರಿಯ ನೆತ್ತಿಯ ಮೇಲಿನ ಸೂಟ್‌ಕೇಸು, ಮಂಚದ ಕೆಳಗಿನ ಟ್ರಂಕು, ಸುತ್ತಿಟ್ಟ ಹಾಸಿಗೆಗಳೂ ಅದರ ಜೊತೆಗೆ ಹೋಗಲಿ. ಅಲಮಾರಿಯ ಮೇಲೆ ಸೂಟ್‌ಕೇಸು ಕಂಡರೆ ‘ಈ ಮನೆಯಲ್ಲಿ ಸಾಮಾನಿಡಲು ಜಾಗ ಸಾಲದು’ ಎಂದು ನೀವೇ ಬಾಯಿಬಿಟ್ಟು ಹೇಳಿದ ಹಾಗೆ.

ದಕ್ಷಿಣಕ್ಕೆ ತಲೆ ಎಂದಾಗ ಮನೆಯ ಹಿರಿಯರು ಒಪ್ಪುತ್ತಾರೆ, ಸಂತೋಷ. ನಾನು ಹೇಳುತ್ತಿರುವುದಕ್ಕೆ ಬೇರೆ ಕಾರಣವೂ ಇದೆ. ನಮ್ಮ ಊರಿನಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಪಶ್ಚಿಮದ ಗೋಡೆ ಮಧ್ಯಾಹ್ನದಿಂದ ಸಂಜೆಯವರೆಗೆ ಕಾದು, ಆ ಶಾಖವನ್ನು ರಾತ್ರಿ ಹತ್ತು ಹನ್ನೊಂದರವರೆಗೂ ಒಳಗೆ ಬಿಡುತ್ತಿರುತ್ತದೆ. ಆ ಗೋಡೆಗೆ ತಲೆಯಿಟ್ಟು ಇಷ್ಟು ವರ್ಷ ಹೇಗೆ ಮಲಗಿದಿರಿ? ಕೊಳ್ಳುವವರೂ ಇದೇ ಊರಿನವರು, ಸಂಜೆ ಬಂದರೆ ಗೋಡೆಗೆ ಅಂಗೈ ಇಟ್ಟು ನೋಡುತ್ತಾರೆ. ಒಳಗಿನ ದಪ್ಪ ಪರದೆಯಿಂದ ಹೆಚ್ಚು ಉಪಯೋಗವಿಲ್ಲ, ಬಿಸಿಲು ಗಾಜು ದಾಟಿ ಬಂದ ಮೇಲೆ ತಡೆದು ಏನು ಪ್ರಯೋಜನ? ಕಿಟಕಿಯ ಹೊರಗೆ ಲಾವಂಚದ ತಟ್ಟಿ ಅಥವಾ ಬಿದಿರಿನ ಕಡ್ಡಿಗಳ ಪರದೆ ಕಟ್ಟಿ. ಒಳಗೆ ತೆಳುವಾದ ಬಿಳಿಯ ಪರದೆ ಸಾಕು.

ಕೂಲರಿನ ವಿಷಯದಲ್ಲಿ ನನಗೆ ಸಿಟ್ಟೇ ಬರುತ್ತದೆ. ನೀರು ಆವಿಯಾಗುವಾಗ ಗಾಳಿಯ ಶಾಖವನ್ನು ಹೀರುವುದರಿಂದ ಕೂಲರ್ ತಂಪು ಕೊಡುತ್ತದೆ. ಅದಕ್ಕೆ ಹೊರಗಿನ ಒಣ ಗಾಳಿ ಬೇಕು, ಒಳಗಿನ ಗಾಳಿ ಹೊರಹೋಗಲು ಇನ್ನೊಂದು ದಾರಿಯೂ ಬೇಕು. ಕೋಣೆಯ ಒಳಗಿಟ್ಟು ಬಾಗಿಲು ಮುಚ್ಚಿದರೆ ಅದೇ ತೇವದ ಗಾಳಿ ಸುತ್ತುತ್ತದೆ, ಹಾಸಿಗೆ ಮುಗ್ಗಲು ಹಿಡಿಯುತ್ತದೆ, ಮರ ಉಬ್ಬುತ್ತದೆ. ನಿಮ್ಮ ಮೂಗಿಗೆ ಆ ವಾಸನೆ ರೂಢಿಯಾಗಿರುತ್ತದೆ, ಬಂದವರ ಮೂಗಿಗೆ ಮೊದಲು ತಾಗುವುದೇ ಅದು. ಕಬ್ಬಿಣದ ಸ್ಟ್ಯಾಂಡ್ ಮಾಡಿಸಿ ಕಿಟಕಿಯ ಹೊರಗೆ ಒಂದು ಪಕ್ಕಕ್ಕೆ ಇರಿಸಿ. ಹುಲ್ಲು ಹಳೆಯದಾಗಿದ್ದರೆ ಬದಲಿಸಿ. ಮಳೆಗಾಲ, ಚಳಿಗಾಲದಲ್ಲಿ ಮನೆ ತೋರಿಸುವುದಾದರೆ ತೆಗೆದೇ ಬಿಡಿ.

ಸರಿಸುವ ಮೊದಲು ಹಳೆಯ ದಿನಪತ್ರಿಕೆಗಳನ್ನು ಮಂಚದ ಅಳತೆಗೆ ಜೋಡಿಸಿ ನೆಲದ ಮೇಲೆ ಹಾಸಿ, ಬಾಗಿಲಲ್ಲಿ ನಿಂತು ನೋಡಿ. ಅರ್ಧ ಗಂಟೆಯ ಕೆಲಸ, ಸೊಂಟ ಉಳಿಯುತ್ತದೆ. ಸಾಗುವಾನಿಯ ಮಂಚವನ್ನು ಎಳೆಯಬೇಡಿ, ಬಡಿಗೇರರನ್ನು ಕರೆದು ಬಿಚ್ಚಿಸಿ, ಹೊಸ ಜಾಗದಲ್ಲಿ ಜೋಡಿಸಿ. ಅಲಮಾರಿಯನ್ನು ಖಾಲಿ ಮಾಡಿ ನಾಲ್ಕು ಜನ ಎತ್ತಲಿ. ಶಹಾಬಾದ್ ಕಲ್ಲಿನ ನೆಲದ ಮೇಲೆ ಕಬ್ಬಿಣದ ಕಾಲು ಎಳೆದರೆ ಬೀಳುವ ಬಿಳಿ ಗೀರು ಒರೆಸಿದರೆ ಹೋಗುವಂಥದ್ದಲ್ಲ. ಹೊಸ ಜಾಗದಲ್ಲಿ ನಾಲ್ಕೂ ಕಾಲು ಸಮ ಕೂತಿವೆಯೇ ನೋಡಿ, ಇಲ್ಲದಿದ್ದರೆ ಬಾಗಿಲು ಸರಿಯಾಗಿ ಮುಚ್ಚುವುದಿಲ್ಲ. ಭಾರದ ಸಾಮಾನು ಕೆಳಗಿನ ಅರೆಯಲ್ಲಿರಲಿ. ನೋಡಲು ಬಂದವರ ಮಕ್ಕಳು ಬಾಗಿಲು ಹಿಡಿದು ಜೋತುಬೀಳುತ್ತಾರೆ, ಮೇಲ್ಭಾರದ ಅಲಮಾರಿ ಮುಂದಕ್ಕೆ ವಾಲುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಬಂಗಾರ, ಹಣ, ಮನೆಯ ಮೂಲ ಕಾಗದಪತ್ರಗಳನ್ನು ಅದಕ್ಕೂ ಮೊದಲೇ ಬ್ಯಾಂಕ್ ಲಾಕರಿಗೆ ಸಾಗಿಸಿ. ಅಪರಿಚಿತರು ಮನೆಯ ಒಳಕೋಣೆಗೆ ಬರುವ ದಿನಗಳಿವು, ಈ ವಿಷಯದಲ್ಲಿ ನಾನು ಯಾರ ಸಂಕೋಚವನ್ನೂ ಕೇಳುವುದಿಲ್ಲ.

ಮಂಚದ ಮೇಲೆ ಒಗೆದ ಹತ್ತಿಯ ಚಾದರ, ಎರಡು ದಿಂಬು ಇರಲಿ. ಮನೆಯಲ್ಲಿ ಕೈಯಿಂದ ಹೊಲಿದ ಕೌದಿ ಇದ್ದರೆ ಮಡಚಿ ಕಾಲ ಬದಿಗೆ ಹಾಕಿ. ಬಾಗಿಲಿನಿಂದ ನೋಡುವವರಿಗೆ ಆ ಬದಿಯೇ ಹತ್ತಿರ. ಅಂಗಡಿಯ ಹೊಳೆಯುವ ಸ್ಯಾಟಿನ್ ಹೊದಿಕೆಗಿಂತ ಅದು ಎಷ್ಟೋ ಚೆಂದ.

ಪ್ರಶ್ನೆ: ಮಲಗುವ ಕೋಣೆಯ ಒಂದು ಗೋಡೆಯಲ್ಲಿ ತೇವ ಬಂದು ಬಣ್ಣ ಉದುರಿದೆ. ಅಲ್ಲಿಗೆ ಅಲಮಾರಿ ನಿಲ್ಲಿಸಿದರೆ ಕಾಣುವುದಿಲ್ಲ ಎಂದು ಏಜೆಂಟರು ಹೇಳುತ್ತಾರೆ. ಸರಿಯೇ?

ಉತ್ತರ: ಸರಿಯಲ್ಲ. ಆಸ್ತಿ ವರ್ಗಾವಣೆ ಕಾಯ್ದೆ, 1882ರ 55ನೇ ಕಲಮು ಓದಿ. ಮಾರುವವನಿಗೆ ಗೊತ್ತಿದ್ದು, ಕೊಳ್ಳುವವನಿಗೆ ಗೊತ್ತಿಲ್ಲದ, ಅವನು ಸಾಮಾನ್ಯ ಎಚ್ಚರದಿಂದ ನೋಡಿದರೂ ಕಾಣದ ಮುಖ್ಯ ದೋಷವನ್ನು ಮಾರುವವನೇ ತಿಳಿಸಬೇಕು. ಅಲಮಾರಿಯ ಹಿಂದೆ ಬಚ್ಚಿಟ್ಟ ಗೋಡೆ ಅಂಥದ್ದಕ್ಕೆ ಒಳ್ಳೆಯ ಉದಾಹರಣೆ. ಕಾನೂನು ಬದಿಗಿರಲಿ, ಕಲಬುರಗಿಯಲ್ಲಿ ಮನೆ ಕೊಳ್ಳುವವರು ಎರೆಮಣ್ಣನ್ನು ಬಲ್ಲವರು. ಮಳೆಗೆ ಉಬ್ಬಿ ಬೇಸಿಗೆಗೆ ಕುಗ್ಗುವ ಆ ಮಣ್ಣಿನ ಮೇಲೆ ಕಟ್ಟಿದ ಮನೆಯಲ್ಲಿ ಎಲ್ಲಿ ಬಿರುಕು ಬಿಡುತ್ತದೆ, ಎಲ್ಲಿ ತೇವ ಏರುತ್ತದೆ ಎಂದು ಅವರಿಗೆ ಗೊತ್ತು. ನಾನು ಅಣಿಗೊಳಿಸಿದ ಮನೆಯೊಂದರಲ್ಲಿ, ನಾನು ಬೇಡವೆಂದರೂ ಯಜಮಾನರು ಹೀಗೇ ಮುಚ್ಚಿಟ್ಟರು. ಕೊಳ್ಳಲು ಬಂದವರ ಭಾವ ಸುಮ್ಮನೆ ಅಲಮಾರಿಯ ಹಿಂದೆ ಕೈ ಹಾಕಿದರು. ಕೈಗೆ ಸುಣ್ಣದ ಪುಡಿ ಹತ್ತಿತು. ಆಮೇಲೆ ಅವರು ಛಾವಣಿಯನ್ನೂ ನಂಬಲಿಲ್ಲ, ಕಾಗದಪತ್ರವನ್ನೂ ನಂಬಲಿಲ್ಲ. ನೀರು ಎಲ್ಲಿಂದ ಬರುತ್ತಿದೆ ಎಂದು ಹುಡುಕಿ ಸರಿಪಡಿಸಿ, ಗೋಡೆ ಪೂರ್ತಿ ಒಣಗಿದ ಮೇಲೆ ಬಣ್ಣ ಹೊಡೆಸಿ. ಸರಿಪಡಿಸಲು ಹಣವಿಲ್ಲದಿದ್ದರೆ ಗೋಡೆಯನ್ನು ಖಾಲಿ ಬಿಟ್ಟು ನೀವೇ ತೋರಿಸಿ, ಖರ್ಚನ್ನು ಬೆಲೆಯಲ್ಲಿ ಕಳೆಯಿರಿ. ಆ ಏಜೆಂಟರಿಗೆ ಕೀಲಿ ಕೊಡಬೇಡಿ.

ಪ್ರಶ್ನೆ: ಮಂಚದ ಕೆಳಗೆ ತಾಮ್ರದ ತಗಡು, ನಾಲ್ಕು ಮೂಲೆಗೆ ಕಲ್ಲುಪ್ಪು ಇಟ್ಟರೆ 21 ದಿನದಲ್ಲಿ ಮನೆ ಮಾರಾಟವಾಗುತ್ತದೆ ಎಂದು ಒಬ್ಬರು 15,000 ರೂಪಾಯಿ ಕೇಳಿದ್ದಾರೆ. ಕೊಡಬಹುದೇ?

ಉತ್ತರ: ಕೊಡಬೇಡಿ. ದಿಕ್ಕಿನ ಬಗ್ಗೆ ಕೊಳ್ಳುವವರಿಗೆ ನಂಬಿಕೆ ಇರುತ್ತದೆ, ಅದನ್ನು ನಾನು ಗೌರವಿಸುತ್ತೇನೆ. ಮಂಚವನ್ನು ಸಾಧ್ಯವಾದಷ್ಟು ಅದಕ್ಕೆ ಹೊಂದುವಂತೆ ಹಾಕಿಸುತ್ತೇನೆ ಕೂಡ. ಆದರೆ ದಿನ ಲೆಕ್ಕ ಹಾಕಿ ಭರವಸೆ ಕೊಡುವವನು ನಿಮ್ಮ ಕಷ್ಟವನ್ನು ಮಾರಿಕೊಳ್ಳುತ್ತಿದ್ದಾನೆ. ಮಗಳ ಮದುವೆಗೆಂದೋ ಆಸ್ಪತ್ರೆಯ ಬಿಲ್ಲಿಗೆಂದೋ ಮನೆ ಮಾರುವವರನ್ನೇ ಇಂಥವರು ಹುಡುಕಿಕೊಂಡು ಬರುತ್ತಾರೆ. ಉಪ್ಪು ತೇವ ಎಳೆದು ಕಲ್ಲಿಗೆ ಕಲೆ ಮಾಡುತ್ತದೆ, ಅಷ್ಟೇ. ಆ ಹಣದಲ್ಲಿ ಕೋಣೆಗೆ ತಿಳಿ ಬಣ್ಣ ಹೊಡೆಸಿ, ಫ್ಯಾನಿನ ರೆಗ್ಯುಲೇಟರ್ ಸರಿಮಾಡಿಸಿ.

ಪ್ರಶ್ನೆ: ಮಂಚ ಸರಿಸಿದ ಮೇಲೆ ಶಹಾಬಾದ್ ಕಲ್ಲಿನ ಮೇಲೆ ಕಲೆ ಕಾಣುತ್ತಿದೆ. ಆಸಿಡ್ ಹಾಕಿ ತೊಳೆಯಬಹುದೇ?

ಉತ್ತರ: ಖಂಡಿತ ಬೇಡ. ಅದು ಸುಣ್ಣದ ಕಲ್ಲು. ಆಸಿಡ್ ಬಿದ್ದರೆ ನೊರೆಯೆದ್ದು ಮೇಲ್ಮೈ ತಿಂದುಹೋಗುತ್ತದೆ, ಕಲೆಯ ಜಾಗದಲ್ಲಿ ಗುಳಿ ಉಳಿಯುತ್ತದೆ. ಸಾಬೂನು ನೀರು, ಮೆತ್ತಗಿನ ಬ್ರಷ್ ಸಾಕು. ಹೋಗದ ಕಲೆಗೆ ಕಲ್ಲು ಪಾಲಿಶ್ ಮಾಡುವವರನ್ನು ಕರೆಯಿರಿ. ಪ್ಲಾಸ್ಟಿಕ್ ಹಾಸು ಹಾಕಿ ಮುಚ್ಚಲೂ ಬೇಡಿ. ನಮ್ಮ ಜಿಲ್ಲೆಯ ಕಲ್ಲು ಅದು, ಕಾಲಿಗೆ ತಂಪು, ನಾಚಿಕೆಪಡುವಂಥದ್ದೇನೂ ಇಲ್ಲ.

ಪ್ರಶ್ನೆ: ದೊಡ್ಡ ಕನ್ನಡಿ ಹಾಕಿದರೆ ಕೋಣೆ ದೊಡ್ಡದಾಗಿ ಕಾಣುತ್ತದಂತೆ, ಹೌದೇ?

ಉತ್ತರ: ಕಿಟಕಿ ಪ್ರತಿಫಲಿಸಿದರೆ ಹೌದು. ಅಲಮಾರಿ ಪ್ರತಿಫಲಿಸಿದರೆ ಎರಡು ಅಲಮಾರಿ ಕಾಣುತ್ತವೆ.

ಪ್ರಶ್ನೆ: ಕೋಣೆಯನ್ನು ಪೂರ್ತಿ ಖಾಲಿ ಮಾಡಿ ತೋರಿಸಿದರೆ ಒಳ್ಳೆಯದಲ್ಲವೇ?

ಉತ್ತರ: ಅಲ್ಲ. ಬರಿಯ ಕೋಣೆಯಲ್ಲಿ ಮಂಚ ಹಿಡಿಸುತ್ತದೆಯೋ ಇಲ್ಲವೋ ಎಂಬ ಅನುಮಾನ ಅವರಿಗೆ ಉಳಿಯುತ್ತದೆ. ಒಂದು ಮಂಚ ಇರಲಿ.

ಪ್ರಶ್ನೆ: ಮನೆ ತೋರಿಸಲೆಂದೇ ಹೊಸ ಬೆಡ್‌ರೂಮ್ ಸೆಟ್ ಕೊಳ್ಳಬೇಕೇ?

ಉತ್ತರ: ಬೇಡ.

ಪ್ರಶ್ನೆ: ಮೊಬೈಲಿನ ಅಗಲ ಲೆನ್ಸಿನಲ್ಲಿ ಕೋಣೆಯ ಫೋಟೊ ತೆಗೆದು ಕಳಿಸಬಹುದೇ?

ಉತ್ತರ: ಫೋಟೊದಲ್ಲಿ ಸಭಾಂಗಣ ಕಂಡು, ಬಂದಾಗ ಹತ್ತು ಅಡಿಯ ಕೋಣೆ ಕಂಡರೆ ಅವರು ಹೊಸ್ತಿಲಲ್ಲೇ ಮುಖ ಸಪ್ಪಗೆ ಮಾಡುತ್ತಾರೆ. ಸಾಮಾನ್ಯ ಲೆನ್ಸಿನಲ್ಲಿ, ಬಾಗಿಲಲ್ಲಿ ನಿಂತು, ಎದೆಯ ಎತ್ತರದಿಂದ, ಬೆಳಿಗ್ಗೆ ತೆಗೆಯಿರಿ.

ಪ್ರಶ್ನೆ: ಮಂಚ, ಅಲಮಾರಿ ಮನೆಯ ಜೊತೆಗೇ ಹೋಗುತ್ತವೆ ಎಂದು ಕೊಳ್ಳುವವರು ವಾದಿಸುತ್ತಿದ್ದಾರೆ. ನಿಜವೇ?

ಉತ್ತರ: ಗೋಡೆಗೆ ಕೂರಿಸಿದ ವಾರ್ಡ್‌ರೋಬ್, ಬಾಗಿಲು, ಕಿಟಕಿ, ಬೀಗ, ಕೀಲಿಗಳಂತೆ ಮನೆಯ ಕಾಯಂ ಉಪಯೋಗಕ್ಕೆ ಇರುವವು ಮನೆಯೊಂದಿಗೆ ಹೋಗುತ್ತವೆ. ಬಿಡಿ ಮಂಚ, ಬಿಡಿ ಅಲಮಾರಿ ನಿಮ್ಮವು. ಬಾಯಿಮಾತಿಗೆ ಬಿಡದೆ, ಕೋಣೆ ಕೋಣೆಯ ಪಟ್ಟಿ ಮಾಡಿ ಕರಾರುಪತ್ರದಲ್ಲೇ ಬರೆಸಿ. ಫ್ಯಾನು, ಗೀಸರ್, ಕೂಲರಿನ ಸ್ಟ್ಯಾಂಡನ್ನೂ ಸೇರಿಸಿ. ಸೇಡಂ ರಸ್ತೆಯ ಓದುಗರು ಸಾಗುವಾನಿ ಮಂಚ ತಮ್ಮ ಜೊತೆಗೆ ಬರುತ್ತದೆ ಎಂಬುದನ್ನು ಅದರಲ್ಲಿ ಮೊದಲ ಸಾಲಿಗೇ ಹಾಕಿಸಲಿ.