‘ಕರುಳು’ ಮೂರು ಸಲ ಬರುತ್ತದೆ

ಪ್ರಿಯ ಲೇಖಕರೇ,

ಬೈಬಲ್ಲಿನ ಹೊಸ ಒಡಂಬಡಿಕೆಯಲ್ಲಿ ಫಿಲೆಮೋನ ಎಂಬ ಕ್ರೈಸ್ತನಿಗೆ ಅಪೊಸ್ತಲ ಪೌಲ ಬರೆದ ಪತ್ರದ ಕನ್ನಡಿ ರಚನೆ ಕುರಿತ ನಿಮ್ಮ ಲೇಖನ ತಲುಪಿತು. ಕನ್ನಡಿ ರಚನೆ ಅಂದರೆ ಮೊದಲು ಬಂದ ಮಾತುಗಳು ಆಮೇಲೆ ಹಿಂದುಮುಂದಾಗಿ ಮತ್ತೆ ಬರುವ ಜೋಡಣೆ. ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಪ್ರಕಟಿಸಲು ಆಗುವುದಿಲ್ಲ. ಸುಮ್ನೆ ಎರಡು ಸಾಲು ಬರೆದು ವಾಪಸ್ ಕಳಿಸಲು ಮನಸ್ಸಾಗಲಿಲ್ಲ. ನೀವು ತುಂಬಾ ದುಡಿದಿದ್ದೀರಿ. ನೀವು ಹುಡುಕುತ್ತಿರುವ ಕನ್ನಡಿ ಆ ಪತ್ರದಲ್ಲಿ ನಿಜವಾಗಿಯೂ ಇದೆ. ಆದರೆ ನೀವು ಬೆರಳಿಟ್ಟ ಕಡೆ ಇಲ್ಲ.

ನಿಮ್ಮ ವಾದ ಹೀಗಿದೆ: 25 ವಚನಗಳ ಈ ಪತ್ರದಲ್ಲಿ ಮೊದಲನೆಯದಕ್ಕೆ ಕೊನೆಯದು ಜೋಡಿ, ಎರಡನೆಯದಕ್ಕೆ 24ನೆಯದು ಜೋಡಿ. ಹೀಗೆ ಎರಡೂ ಕಡೆಯಿಂದ ಬಂದರೆ 13ನೇ ವಚನ ನಡುಮಧ್ಯ, ಪತ್ರದ ಗುಟ್ಟು ಅಲ್ಲಿದೆ. ಆದರೆ ಈ ಅಂಕಿಗಳನ್ನು ಪೌಲ ಹಾಕಿದ್ದಲ್ಲ. ಹೊಸ ಒಡಂಬಡಿಕೆಗೆ ಇವತ್ತಿನ ವಚನ ಸಂಖ್ಯೆಗಳನ್ನು ಕೊಟ್ಟವನು ರಾಬರ್ಟ್ ಎಸ್ಟಿಯೆನ್ ಎಂಬ ಮುದ್ರಕ, 1551ರಲ್ಲಿ. ಪೌಲನ ಕಾಲದ ಗ್ರೀಕ್ ಬರವಣಿಗೆಯಲ್ಲಿ ಪದಗಳ ನಡುವೆ ಜಾಗ ಬಿಡುವ ರೂಢಿಯೂ ಇರಲಿಲ್ಲ. ಒಂದೂವರೆ ಸಾವಿರ ವರ್ಷ ಆದಮೇಲೆ ಬಂದ ಅಂಕಿಗಳನ್ನು ಎಣಿಸಿ ಅವನ ಮನಸ್ಸಿನ ನಡುಬಿಂದು ಹುಡುಕುವುದು ಸರಿಯಲ್ಲ.

ಮೊದಲ ಮತ್ತು ಕೊನೆಯ ಜೋಡಿಗಳನ್ನೂ ಬಿಡಿ. ಶುರುವಿನಲ್ಲಿ ಕೃಪೆಯ ಹಾರೈಕೆ, ಕೊನೆಯಲ್ಲೂ ಕೃಪೆಯ ಹಾರೈಕೆ, ನಿಜ. ಪೌಲನ ಬೇರೆ ಪತ್ರಗಳೂ ಹಾಗೇ ಇವೆ. ನಮ್ಮ ಮನೆಗಳಲ್ಲೂ ಕಾಗದ ‘ಇಲ್ಲಿ ಎಲ್ಲರೂ ಕ್ಷೇಮ’ ಅಂತ ಶುರುವಾಗಿ ‘ಹಿರಿಯರಿಗೆ ನಮಸ್ಕಾರ, ಕಿರಿಯರಿಗೆ ಆಶೀರ್ವಾದ’ ಅಂತ ಮುಗಿಯುತ್ತಿತ್ತು. ಅದು ಕಾಗದ ಬರೆಯುವ ಪದ್ಧತಿ. ಅದನ್ನು ಯಾರೂ ಕನ್ನಡಿ ರಚನೆ ಅನ್ನಲಿಲ್ಲ, ಅಲ್ವಾ?

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ನಿಮ್ಮ ಪಟ್ಟಿಯಲ್ಲಿ 7ನೇ ವಚನಕ್ಕೆ 19ನೆಯದು ಜೋಡಿ. 7ರ ಪಕ್ಕದಲ್ಲಿ 20ನ್ನು ಇಟ್ಟು ನೋಡಿ. ಗ್ರೀಕ್‌ನಲ್ಲಿ ಎರಡೂ ಕಡೆ ‘ಸ್ಪ್ಲಾಂಖ್ನ’ ಎಂಬ ಮಾತಿದೆ. ಅದರ ನೇರ ಅರ್ಥ ಒಡಲೊಳಗಿನ ಅಂಗಗಳು, ಕರುಳು. ಪದಗಳ ಸಾಲು ಕೆಡಿಸದೆ ಕನ್ನಡಕ್ಕೆ ತಂದರೆ 7ರ ಕೊನೆ ಹೀಗೆ: ‘ದೇವಜನರ ಕರುಳು ತಣಿದಿದೆ ನಿನ್ನಿಂದ, ಸಹೋದರನೇ.’ 20 ಹೀಗೆ: ‘ಹೌದು, ಸಹೋದರನೇ, ನಿನ್ನಿಂದ ನನಗೆ ಪ್ರಯೋಜನವಾಗಲಿ ಕರ್ತನಲ್ಲಿ. ತಣಿಸು ನನ್ನ ಕರುಳನ್ನು ಕ್ರಿಸ್ತನಲ್ಲಿ.’ ಕರುಳು, ತಣಿ, ಸಹೋದರ. ಆಮೇಲೆ ಸಹೋದರ, ತಣಿ, ಕರುಳು. ಇದು ಕನ್ನಡಿ! ಒಂದೇ ಒಂದು ವಚನದ ಅಂತರದಲ್ಲಿ ನಿಮ್ಮ ಕೈತಪ್ಪಿದೆ.

ಇವೆರಡರ ನಡುವೆ 12ನೇ ವಚನದಲ್ಲಿ ಅದೇ ಮಾತು ಮತ್ತೆ ಬರುತ್ತದೆ. ಫಿಲೆಮೋನನ ದಾಸನಾದ ಒನೇಸಿಮನನ್ನು ಅವನ ಬಳಿಗೆ ವಾಪಸ್ ಕಳಿಸುತ್ತಾ, ಸಹೋದರನಂತೆ ಸೇರಿಸಿಕೋ ಅಂತ ಕೇಳಲು ಹೊರಟ ಪೌಲ ‘ಇವನು ನನ್ನ ಕರುಳೇ’ ಅನ್ನುತ್ತಾನೆ. ಎರಡು ವಚನ ಮುಂಚೆಯಷ್ಟೇ ‘ಸೆರೆಯಲ್ಲಿ ನಾನು ಹೆತ್ತ ಮಗ’ ಅಂದಿದ್ದಾನೆ. ಹೆತ್ತ ಕರುಳು ಅನ್ನುವ ಮಾತು ಗೊತ್ತಿರುವ ಕನ್ನಡದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ನೀವು 7ರಲ್ಲಿ ‘ಹೃದಯ’, 12ರಲ್ಲಿ ‘ಪ್ರಾಣ’, 20ರಲ್ಲಿ ‘ಅಂತಃಕರಣ’ ಅಂತ ಬರೆದಿದ್ದೀರಿ. ಒಂದೇ ಪದ ಮೂರು ಸಲ ಬರಬಾರದು ಅಂತ ನಿಮಗೆ ಯಾರೋ ಹೇಳಿಕೊಟ್ಟಿರಬೇಕು. ಇಲ್ಲಿ ಅದೇ ಪದ ಬರಲೇಬೇಕು. ನೀವು ಹುಡುಕುತ್ತಿದ್ದ ಕನ್ನಡಿಯನ್ನು ನಿಮ್ಮ ಅನುವಾದವೇ ಮುಚ್ಚಿಬಿಟ್ಟಿದೆ. ಇದು ನನಗೆ ತುಂಬಾ ಬೇಜಾರಾದ ಜಾಗ.

5ನೇ ವಚನದಲ್ಲೂ ಹೀಗೇ ಆಗಿದೆ. ಪೌಲ ‘ಪ್ರೀತಿ, ನಂಬಿಕೆ’ ಅಂದು, ಆಮೇಲೆ ‘ಕರ್ತನಾದ ಯೇಸುವಿನ ಕಡೆಗೆ, ದೇವಜನರೆಲ್ಲರ ಕಡೆಗೆ’ ಅನ್ನುತ್ತಾನೆ. ನಂಬಿಕೆ ಯೇಸುವಿನ ಮೇಲೆ, ಪ್ರೀತಿ ಜನರ ಮೇಲೆ. ಒಳಗಿನ ಎರಡು ಒಂದು ಜೋಡಿ, ಹೊರಗಿನ ಎರಡು ಇನ್ನೊಂದು. ಇದನ್ನು ನೀವು ‘ತೊಡಕಿನ ವಾಕ್ಯ’ ಅಂತ ಕರೆದು ನೆಟ್ಟಗೆ ಮಾಡಿದ್ದೀರಿ. ಕೊಲೊಸ್ಸೆಯವರ ಪತ್ರ 1:4 ತೆಗೆದು ನೋಡಿ. ಅಲ್ಲಿ ಇದೇ ಮಾತು ನೇರವಾಗಿದೆ: ಕ್ರಿಸ್ತ ಯೇಸುವಿನಲ್ಲಿ ನಂಬಿಕೆ, ದೇವಜನರೆಲ್ಲರ ಮೇಲೆ ಪ್ರೀತಿ. ಎರಡನ್ನೂ ಅಕ್ಕಪಕ್ಕ ಇಟ್ಟರೆ ಓದುಗರಿಗೆ ತಾನೇ ಕಾಣುತ್ತದೆ. ‘ಪ್ರೀತಿ’ ಮೊದಲು ಬಂದಿದ್ದೂ ಸುಮ್ಮನೆ ಅಲ್ಲ ಅಂತ ನನಗನಿಸುತ್ತದೆ, ಮುಂದೆ ಅವನು ಕೇಳಲು ಹೊರಟಿದ್ದು ಅದನ್ನೇ ತಾನೆ.

ನಿಮ್ಮ 4 ಮತ್ತು 22ರ ಜೋಡಿ ಮಾತ್ರ ಚೆನ್ನಾಗಿದೆ. ಅಲ್ಲಿ ‘ನನ್ನ ಪ್ರಾರ್ಥನೆಗಳಲ್ಲಿ’, ಇಲ್ಲಿ ‘ನಿಮ್ಮ ಪ್ರಾರ್ಥನೆಗಳಿಂದ’. ಪದ ಒಂದೇ ಆದ್ದರಿಂದ ಅದು ನಿಲ್ಲುತ್ತದೆ. ಅಂಥ ಜೋಡಿಯನ್ನು ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. 8 ಮತ್ತು 18ಕ್ಕೆ ‘ಪೌಲನ ಮನವಿ’ ಅಂತ ನೀವೇ ಹೆಸರಿಟ್ಟು ಒಂದು ಪುಟ ಬರೆದಿದ್ದೀರಿ. 18ರಲ್ಲಿ ಪೌಲ ‘ಅವನ ಸಾಲವಿದ್ದರೆ ನನ್ನ ಲೆಕ್ಕಕ್ಕೆ ಬರೆದುಕೋ’ ಅನ್ನುತ್ತಿದ್ದಾನೆ. ನಾವೇ ಹೆಸರಿಡಲು ಹೊರಟರೆ ಯಾವುದನ್ನು ಬೇಕಾದರೂ ಯಾವುದಕ್ಕಾದರೂ ಜೋಡಿಸಬಹುದು.

ಇನ್ನೊಂದು ವಿಷಯ ನಿಮ್ಮ ಲೇಖನದಲ್ಲಿ ಬಂದೇ ಇಲ್ಲ. ಕನ್ನಡಿ ಇಲ್ಲಿ ಏನು ಕೆಲಸ ಮಾಡುತ್ತದೆ? ಈ ಪತ್ರ ಫಿಲೆಮೋನನಿಗೆ ಮಾತ್ರ ಬರೆದದ್ದಲ್ಲ. ಅವನ ಮನೆಯಲ್ಲಿ ಸೇರುವ ಸಭೆಗೂ ಅಂತ 2ನೇ ವಚನದಲ್ಲೇ ಇದೆ. ಅಂದರೆ ಎಲ್ಲರ ಎದುರು ಜೋರಾಗಿ ಓದಿರಬೇಕು. ಓದಲು ಕೆಲವೇ ನಿಮಿಷ ಸಾಕು. ‘ನಿನ್ನಿಂದ ದೇವಜನರ ಕರುಳು ತಣಿದಿದೆ’ ಅಂತ ಹೊಗಳಿಸಿಕೊಂಡವನು, ಆ ಮಾತು ಕಿವಿಯಲ್ಲಿ ಇನ್ನೂ ಇರುವಾಗಲೇ ‘ಇವನು ನನ್ನ ಕರುಳು’ ಅನ್ನುವುದನ್ನು ಕೇಳುತ್ತಾನೆ. ಆಮೇಲೆ ‘ನನ್ನ ಕರುಳನ್ನು ತಣಿಸು’ ಅನ್ನುವುದನ್ನೂ ಕೇಳುತ್ತಾನೆ. ಎದುರಿಗೆ ಒನೇಸಿಮನೂ ನಿಂತಿದ್ದಿರಬಹುದು. ಇಲ್ಲ ಅನ್ನಲು ಅವನಿಗೆ ಎಷ್ಟು ಕಷ್ಟವಾಗಿರಬೇಡ!

ಪಟ್ಟಿಯನ್ನು ಪೂರ್ತಿ ತೆಗೆದುಬಿಡಿ. 7, 12, 20 ಇವುಗಳಿಂದ ಶುರುಮಾಡಿ, 5ನ್ನು ಆಮೇಲೆ ತನ್ನಿ, 4 ಮತ್ತು 22ಕ್ಕೆ ಒಂದು ಪುಟ ಕೊಡಿ. ಹದಿನಾಲ್ಕು ಪುಟ ಬೇಡ, ಆರು ಸಾಕು. ಬರೆದ ಮೇಲೆ ಮನೆಯವರಿಗೆ ಯಾರಿಗಾದರೂ ಜೋರಾಗಿ ಓದಿ ಹೇಳಿ. ಮೂರನೇ ಸಲ ‘ಕರುಳು’ ಬಂದಾಗ ಅವರು ತಲೆ ಎತ್ತಿದರೆ ನನಗೆ ಕಳಿಸಿ, ಕಾಯುತ್ತಿರುತ್ತೇನೆ.

ಪ್ರೀತಿಯಿಂದ,
ಸಂಪಾದಕ