ನಲ್ಲಿ ನೀರಿಗೆ ಬಿಟ್ಟ ನಕ್ಷತ್ರ ಮೀನು ಯಾಕೆ ಸತ್ತಿತು?

ಪ್ರಶ್ನೆ: ಮಲ್ಪೆಗೆ ಹೋಗಿದ್ದಾಗ ಮಗ ಒಂದು ನಕ್ಷತ್ರ ಮೀನನ್ನು ಸಮುದ್ರದ ನೀರಿನ ಸಮೇತ ಬಾಟಲಿಗೆ ಹಾಕಿಕೊಂಡು ಬಂದ. ಮಂಡ್ಯ ತಲುಪುವ ತನಕ ಮೆಲ್ಲಗೆ ಅಲುಗಾಡುತ್ತಿತ್ತು. ಮನೆಯಲ್ಲಿ ಬಕೆಟ್‌ಗೆ ನಲ್ಲಿ ನೀರು ತುಂಬಿ ಬಿಟ್ಟೆವು. ಬೆಳಿಗ್ಗೆ ನೋಡಿದರೆ ಸತ್ತಿತ್ತು. ಕ್ಲೋರಿನ್ ಕಾರಣವೇ? ಉಪ್ಪು ಬೆರೆಸಿದ್ದರೆ ಬದುಕುತ್ತಿತ್ತೇ? ಕತ್ತರಿಸಿದರೆ ಒಂದು ಎರಡಾಗುತ್ತದೆ ಅನ್ನುವುದು ನಿಜವೇ?
– ಓದುಗರೊಬ್ಬರು, ಮಂಡ್ಯ

ಉತ್ತರ: ಕ್ಲೋರಿನ್ ಒಳ್ಳೆಯದೇನಲ್ಲ. ಆದರೆ ಕೆಆರ್‌ಎಸ್‌ನಿಂದ ನೇರವಾಗಿ ನೀರು ತಂದು ಬಿಟ್ಟಿದ್ದರೂ ಅದು ಉಳಿಯುತ್ತಿರಲಿಲ್ಲ. ತೊಂದರೆ ಇರುವುದು ಸಿಹಿನೀರಿನಲ್ಲೇ.

ನಕ್ಷತ್ರ ಮೀನಿನ ಮೈ ನಡೆಯುವುದೇ ಸಮುದ್ರದ ನೀರಿನಿಂದ. ಬೆನ್ನಿನ ಮೇಲೆ, ನಡುವಿನಿಂದ ಸ್ವಲ್ಪ ಪಕ್ಕಕ್ಕೆ, ಜರಡಿಯಂಥ ಒಂದು ಚಿಕ್ಕ ಬಿಲ್ಲೆ ಇರುತ್ತದೆ. ಅದರ ಒಳಗೆ ಒಂದು ಕೊಳವೆ, ಬಾಯಿಯ ಸುತ್ತ ಉಂಗುರದಂಥ ಇನ್ನೊಂದು ಕೊಳವೆ, ಅಲ್ಲಿಂದ ಪ್ರತಿ ತೋಳಿಗೂ ಒಂದೊಂದು ಕವಲು. ಎಲ್ಲದರಲ್ಲೂ ಇರುವುದು ಹೆಚ್ಚುಕಡಿಮೆ ಸಮುದ್ರದ ನೀರೇ. ತೋಳುಗಳ ಅಡಿಯಲ್ಲಿ ಸಾಲಾಗಿ ನೂರಾರು ಪುಟ್ಟ ಕಾಲುಗಳಿವೆ. ಒಂದೊಂದು ಕಾಲಿನ ಮೇಲೂ ಒಂದು ಚೀಲ. ಇಂಕ್ ಫಿಲ್ಲರ್‌ನ ರಬ್ಬರ್ ಅದುಮಿದ ಹಾಗೆ ಆ ಚೀಲ ಕುಗ್ಗಿದರೆ ನೀರು ಇಳಿದು ಕಾಲು ಉದ್ದವಾಗುತ್ತದೆ. ಇಷ್ಟನ್ನೂ ನಡೆಸಲು ಮಿದುಳು ಇಲ್ಲ. ಬಾಯಿಯ ಸುತ್ತ ಒಂದು ನರದ ಬಳೆ, ತೋಳಿಗೊಂದು ನರ, ಅಷ್ಟೇ.

ಕೆಆರ್‌ಎಸ್‌ನ ಕಾಟ್ಲಾ, ರೋಹು ಮೀನುಗಳ ಮೈಯೊಳಗೂ ಸಿಹಿನೀರು ನುಗ್ಗುತ್ತಲೇ ಇರುತ್ತದೆ. ಅವು ಮೂತ್ರಪಿಂಡದಿಂದ ಅದನ್ನು ಹೊರಹಾಕುತ್ತವೆ. ನಕ್ಷತ್ರ ಮೀನಿಗೆ ಅಂಥ ಅಂಗವೇ ಇಲ್ಲ. ಅದರ ಮೈಯೊಳಗಿನ ಉಪ್ಪು ಸುತ್ತಲಿನ ಸಮುದ್ರದಷ್ಟೇ ಇರುತ್ತದೆ. ಸಿಹಿನೀರಿಗೆ ಬಿಟ್ಟರೆ ನೀರು ಒಳಗೆ ಸೇರುತ್ತಾ ಹೋಗಿ ಜೀವಕೋಶಗಳು ಊದಿಕೊಳ್ಳುತ್ತವೆ. ಜಗತ್ತಿನಲ್ಲಿ ಸುಮಾರು 1,900 ಬಗೆಯ ನಕ್ಷತ್ರ ಮೀನುಗಳಿವೆ. ನದಿಯಲ್ಲಿ ಬದುಕುವುದು ಒಂದೂ ಇಲ್ಲ.

ಅಡುಗೆ ಉಪ್ಪು ಹಾಕಿದ್ದರೂ ಪ್ರಯೋಜನವಾಗುತ್ತಿರಲಿಲ್ಲ. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಲವಣ ಇದೆ ನಿಜ. ಅದರಲ್ಲಿ ಮೆಗ್ನೀಸಿಯಂ, ಕ್ಯಾಲ್ಸಿಯಂ ಎಲ್ಲವೂ ಸೇರಿವೆ. ಜೊತೆಗೆ ಇದು ಉಸಿರಾಡುವುದು ಚರ್ಮದ ಮೇಲಿನ ತೆಳು ಗುಳ್ಳೆಗಳಿಂದ ಮತ್ತು ಆ ಪುಟ್ಟ ಕಾಲುಗಳಿಂದ. ಮುಚ್ಚಿದ ಬಾಟಲಿ, ಗಂಟೆಗಟ್ಟಲೆ ಪ್ರಯಾಣ ಅಂದರೆ ಆಮ್ಲಜನಕ ಎಷ್ಟು ಉಳಿದೀತು? ಮಂಡ್ಯಕ್ಕೆ ಬರುವಷ್ಟರಲ್ಲೇ ಅದು ಸೋತಿರಬೇಕು.

ಊಟದ ವಿಷಯ ನೀವು ಕೇಳಿಲ್ಲ, ಆದರೆ ನಿಮ್ಮ ಮಗ ಕೇಳಿಯೇ ಕೇಳುತ್ತಾನೆ. ಎಷ್ಟೋ ಜಾತಿಗಳು ಚಿಪ್ಪಿನ ಜೀವಿಯನ್ನು ಕಾಲುಗಳಿಂದ ಹಿಡಿದು ಎಳೆಯುತ್ತವೆ. ಕೂದಲೆಳೆಯಷ್ಟು ಸಂದಿ ಬಿಟ್ಟರೆ ಸಾಕು, ತಮ್ಮ ಹೊಟ್ಟೆಯನ್ನೇ ಬಾಯಿಂದ ಹೊರಗೆ ಚಾಚಿ ಚಿಪ್ಪಿನೊಳಗೆ ತೂರಿಸುತ್ತವೆ. ಜೀರ್ಣ ಅಲ್ಲೇ ಶುರು! ನಮ್ಮ ಕರಾವಳಿಯ ಮರಳಿನಲ್ಲಿರುವ ಆಸ್ಟ್ರೋಪೆಕ್ಟೆನ್ ಗುಂಪಿನವು ಮಾತ್ರ ಹೀಗೆ ಮಾಡುವುದಿಲ್ಲ. ಅವು ಸಣ್ಣ ಚಿಪ್ಪಿನ ಜೀವಿಗಳನ್ನು ಇಡಿಯಾಗಿ ನುಂಗುತ್ತವೆ. ಅವುಗಳ ಕಾಲಿನ ತುದಿಯಲ್ಲಿ ಹೀರುಬಟ್ಟಲೂ ಇಲ್ಲ, ಚೂಪಾಗಿರುತ್ತದೆ. ಮರಳು ಅಗೆದು ಹೂತುಕೊಳ್ಳಲು ಅದೇ ಅನುಕೂಲ ಅಲ್ವಾ?

ಕತ್ತರಿಸಿದರೆ ಎರಡಾಗುವುದು ಅರ್ಧ ನಿಜ. ಲಿಂಕಿಯಾ ಎಂಬ ಗುಂಪಿನ ಕೆಲವು ಜಾತಿಗಳಲ್ಲಿ ಒಂಟಿ ತೋಳಿನಿಂದಲೇ ಪೂರ್ತಿ ಮೈ ಬೆಳೆಯುತ್ತದೆ. ಉಳಿದ ಬಹುಪಾಲು ಜಾತಿಗಳಲ್ಲಿ ತೋಳಿನ ಜೊತೆ ನಡುಭಾಗದ ತುಂಡೂ ಇರಬೇಕು. ಇಲ್ಲದಿದ್ದರೆ ತುಂಡಾದ ತೋಳು ಸಾಯುತ್ತದೆ. ಮೂಲ ಪ್ರಾಣಿ ಬದುಕಿ, ಕಳೆದುಕೊಂಡ ತೋಳನ್ನು ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಕ್ಕೂ ಜಾಸ್ತಿ ಸಮಯ ತೆಗೆದುಕೊಂಡು ಮತ್ತೆ ಬೆಳೆಸಿಕೊಳ್ಳುತ್ತದೆ.