ಫುಲ್ ಥ್ರಾಟಲ್ ಕೊಟ್ಟಾಗ ಜೆಟ್ ಮೋಟಾರ್ ನಿಲ್ಲುತ್ತಿದ್ದರೆ

ನಮಸ್ಕಾರ ರೀ. ನಿಮ್ಮ 70 ಎಂಎಂ ಫ್ಯಾನಿನ ರಿಮೋಟ್ ಕಂಟ್ರೋಲ್ ಮಾಡೆಲ್ ಜೆಟ್ ಫುಲ್ ಥ್ರಾಟಲ್‌ನಲ್ಲಿ ಹತ್ತೇ ಸೆಕೆಂಡಿಗೆ ಮೋಟಾರ್ ನಿಲ್ಲಿಸುತ್ತದೆ, ರೆಕ್ಕೆ-ಬಾಲದ ಫ್ಲಾಪ್ ತಿರುಗಿಸುವ ಸರ್ವೋಗಳು ಮಾತ್ರ ಆಡುತ್ತವೆ, 4ಎಸ್ (ನಾಲ್ಕು ಸೆಲ್ಲಿನ) 2200 ಎಂಎಎಚ್ 25ಸಿ ಬ್ಯಾಟರಿ ಬದಲಿಸಲೇ ಅಂತ ಕೇಳಿದ್ದೀರಿ.

ಸರ್ವೋ ಆಡುತ್ತಿವೆ ಅಂದರೆ ರಿಮೋಟಿನ ಸಿಗ್ನಲ್ ಹಿಡಿಯುವ ರಿಸೀವರ್‌ಗೆ ಕರೆಂಟ್ ಸಿಗುತ್ತಿದೆ. ವೋಲ್ಟೇಜ್ ಕುಸಿದಿದ್ದಕ್ಕೆ ಮೋಟಾರಿನ ವೇಗ ನಿಯಂತ್ರಿಸುವ ಸರ್ಕಿಟ್ ಆದ ಇಎಸ್‌ಸಿ ತಾನೇ ಮೋಟಾರ್ ಕಟ್ ಮಾಡುತ್ತಿರಬೇಕು. ಲೆಕ್ಕ ಹಾಕಿ: 2200 ಎಂಎಎಚ್ ಅಂದರೆ 2.2 ಆಂಪಿಯರ್-ಅವರ್, 25ಸಿ ಅಂದರೆ ಅದರ 25 ಪಟ್ಟು ಕರೆಂಟ್ ಕೊಡಬಲ್ಲದು ಅಂತ; 2.2 ಸಲ 25 ಅಂದರೆ 55 ಆಂಪಿಯರ್. ನಿಮ್ಮ ಫ್ಯಾನ್ ಎಳೆಯೋದು 60. ಸಾಲೋದಿಲ್ಲ ಅಲ್ವಾ? ಲೇಬಲ್ ಮೇಲಿನ ಸಿ ಅಂಕೆಯನ್ನೂ ಪೂರ್ತಿ ನಂಬಬೇಡಿ, ಜಾಸ್ತಿನೇ ಬರೆದಿರುತ್ತಾರೆ. 3300 ಎಂಎಎಚ್ 50ಸಿ ಆದರೆ ಆರಾಮ. ತೂಕ ಹೆಚ್ಚುತ್ತದೆ, ವಿಮಾನದ ಬ್ಯಾಲೆನ್ಸ್ ಮತ್ತೆ ನೋಡಿಕೊಳ್ಳಿ.

ಆದರೆ ದುಡ್ಡು ಹಾಕೋ ಮುಂಚೆ ಬ್ಯಾಟರಿಯ ಕನೆಕ್ಟರ್ (ಪ್ಲಗ್) ಮುಟ್ಟಿ ನೋಡಿ. ಇಲ್ಲಿ ವಿಜಯಪುರದಲ್ಲಿ ನನಗೂ ಇದೇ ತೊಂದರೆ ಆಗಿತ್ತು. ಸುಮ್ನೆ ಎರಡು ಹೊಸ ಬ್ಯಾಟರಿ ತಂದೆ, ಮೋಟಾರ್ ಆಗಲೂ ನಿಂತಿತು. ಕೆಳಗಿಳಿಸಿದಾಗ ಎಕ್ಸ್‌ಟಿ60 ಪ್ಲಗ್ ಬೆರಳು ಸುಡುವಷ್ಟು ಬಿಸಿ! ಸ್ಲೀವ್ ಬಿಚ್ಚಿದರೆ ಬೆಸುಗೆ ಮಂಕಾಗಿ, ಹರಳು ಹರಳಾಗಿತ್ತು. ಮೆಲ್ಲಗೆ ಎಳೆದಿದ್ದೇ ತಡ, ವೈರ್ ಕೈಗೇ ಬಂತು. 60 ವ್ಯಾಟ್ ಐರನ್‌ನಿಂದ ಮತ್ತೆ ಬೆಸೆದ ಮೇಲೆ ಸರಿಹೋಯಿತು.

ಜೆಟ್ ಗಟ್ಟಿಯಾಗಿ ಕಟ್ಟಿ, ಥ್ರಾಟಲ್ ಕೊಟ್ಟು, ಬ್ಯಾಟರಿಯ ಪ್ರತಿ ಸೆಲ್ಲಿಗೂ ಹೋಗುವ ತೆಳು ಬ್ಯಾಲೆನ್ಸ್ ವೈರಿನಲ್ಲಿ ಒಂದೊಂದು ಸೆಲ್ಲಿನ ವೋಲ್ಟೇಜ್ ಅಳೆಯಿರಿ. ಒಂದೇ ಸೆಲ್ ಕುಸಿದರೆ ಬ್ಯಾಟರಿ ಹೋಗಿದೆ. ಎಲ್ಲವೂ 3.5 ವೋಲ್ಟ್ ಮೇಲಿದ್ದೂ ಮೋಟಾರ್ ನಿಂತರೆ, ಮೊದಲ ಅನುಮಾನ ಪ್ಲಗ್ ಮೇಲೆ. ವೈರ್ ಗಿಡ್ಡ ಅಂತ ಬ್ಯಾಟರಿ ಕಡೆ ಉದ್ದ ಮಾಡಬೇಡಿ, ಇಎಸ್‌ಸಿ ಕೆಪಾಸಿಟರ್ ಸುಟ್ಟೀತು. ಮೋಟಾರಿನ ಮೂರು ವೈರ್ ಉದ್ದ ಮಾಡಿ.

ಅಳೆದ ಅಂಕೆ ಇಲ್ಲೇ ಹಾಕಿ, ನೋಡೋಣ.